ಒಂಬತ್ತರಿಂದ ಒಂಬತ್ತೂವರೆ: ನನ್ನ ಒಂದು ತಿಂಗಳ ಓದು



ಎಂ.ಟೆಕ್ ಮುಗಿದ ಮೇಲೆ ನಾನು ಓದಿದ್ದೆಂದರೆ ಆಫೀಸಿನ ಮೇಲ್‌ಗಳು ಮತ್ತು ಮಗಳ ಶಾಲೆಯ ವಾಟ್ಸಾಪ್ ಸೂಚನೆಗಳು. ಇದು ಹೇಳಿಕೊಳ್ಳುವ ಮಾತಲ್ಲ. ಅದಕ್ಕೇ ಕಳೆದ ತಿಂಗಳು ಒಂದು ನಿಯಮ ಹಾಕಿಕೊಂಡೆ: ರಾತ್ರಿ ಒಂಬತ್ತರಿಂದ ಒಂಬತ್ತೂವರೆ ನನ್ನ ಓದಿನ ಹೊತ್ತು. ಓದುವುದು ವಿಜ್ಞಾನ ಕಥೆ, ಕಲ್ಪನೆಯ ಕಥೆ ಮಾತ್ರ. "ಹೀಗಾದರೆ ಏನಾಗುತ್ತೆ?" ಎಂದು ಸಾಫ್ಟ್‌ವೇರಿಗೆ ದಿನಾ ಕೇಳುವುದು ನನ್ನ ಕೆಲಸ. ಅದೇ ಪ್ರಶ್ನೆಯನ್ನು ಬದುಕಿಗೆ ಕೇಳುವ ಪುಸ್ತಕಗಳಿವು.

ಮೊದಲ ವಾರ ನಮ್ಮ ಪುಣೆಯವರೇ ಆದ ಜಯಂತ ನಾರಳೀಕರ. 1988ರಲ್ಲಿ 'ಆಯುಕಾ' ಕಟ್ಟಿದ ಖಗೋಳ ವಿಜ್ಞಾನಿ, 2025ರ ಮೇ 20ರಂದು ಇಲ್ಲೇ ತೀರಿಕೊಂಡರು. ಅಪ್ಪಾ ಬಳವಂತ ಚೌಕಿನಿಂದ ಅವರ ಮರಾಠಿ ಕಥೆಗಳ ಪುಸ್ತಕ ತಂದೆ. ಆದರೆ ನನ್ನ ಮರಾಠಿ ಹಡಪಸರದ ತರಕಾರಿ ಮಂಡಿಯಲ್ಲಿ ಕಲಿತದ್ದು. ಹಾಗಾಗಿ ನಾಲ್ಕನೇ ತರಗತಿಯ ಮಗಳು ಓದುತ್ತಿದ್ದಳು, ನಾನು ಕೇಳುತ್ತಿದ್ದೆ.

1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ನಾರಳೀಕರರು ಕಪ್ಪುಕುಳಿಯ ಕುರಿತ ಕಥೆಯೊಂದನ್ನು ಕಳಿಸಿದರು. ಹೆಸರು ನೋಡಿ ಬಹುಮಾನ ಕೊಡಬಾರದೆಂದು ತಮ್ಮ ಇನಿಷಿಯಲ್ಲುಗಳನ್ನು ತಿರುಗುಮುರುಗು ಮಾಡಿ 'ನಾರಾಯಣ ವಿನಾಯಕ ಜಗತಾಪ' ಎಂದು ಹೆಸರಿಟ್ಟುಕೊಂಡರು. ಕೈಬರಹದ ಗುರುತೂ ಸಿಗದಿರಲೆಂದು ಪ್ರತಿಯನ್ನು ಹೆಂಡತಿ ಮಂಗಲಾ ಅವರಿಂದ ಬರೆಸಿದರು. ಮೊದಲ ಬಹುಮಾನ ಬಂತು. ಇದನ್ನು ಹೇಳಿದಾಗ ಮಗಳು ಕೇಳಿದಳು: "ಅಮ್ಮಾ, ಅವರೂ ಕಥೆ ಬರೀತಿದ್ರಾ?"

ಬರೆಯುತ್ತಿದ್ದದ್ದು ಕಥೆಯಲ್ಲ, ಗಣಿತ. ಮಂಗಲಾ ನಾರಳೀಕರ ಗಣಿತಜ್ಞೆ. ಮನೆ, ಮಕ್ಕಳು, ಅತ್ತೆ ಮಾವ ಎಲ್ಲರನ್ನೂ ನೋಡಿಕೊಂಡು, ಮದುವೆಯಾಗಿ ಹದಿನಾರು ವರ್ಷಕ್ಕೆ, 1981ರಲ್ಲಿ ಪಿಎಚ್‌ಡಿ ಮುಗಿಸಿದರು. ಕಥೆಗಳಿಗಿಂತ ಹೆಚ್ಚಾಗಿ ಈ ಇಸವಿ ನನ್ನ ತಲೆಯಲ್ಲಿ ಉಳಿಯಿತು. ಯಾಕೆಂದು ಕೊನೆಗೆ ಹೇಳುತ್ತೇನೆ.

ಎರಡನೇ ವಾರ ರುಕಿಯಾ ಸಖಾವತ್ ಹುಸೇನ್ ಅವರ 'ಸುಲ್ತಾನಾಸ್ ಡ್ರೀಮ್'. 1905ರಲ್ಲಿ ಮದರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ ಬಂದ ಪುಟ್ಟ ಕಥೆ. ಶಾಲೆಗೇ ಹೋಗದೆ, ಅಣ್ಣನಿಂದ ಗುಟ್ಟಾಗಿ ಇಂಗ್ಲಿಷ್ ಕಲಿತ ಬಂಗಾಳದ ಹೆಣ್ಣುಮಗಳು ಇದನ್ನು ಇಂಗ್ಲಿಷಿನಲ್ಲೇ ಬರೆದರು. ಅವರ ಕನಸಿನ ನಾಡಿನಲ್ಲಿ ಗಂಡಸರು ಒಳಮನೆಯಲ್ಲಿ, ಹೆಂಗಸರು ಹೊರಗೆ. ಬಿಸಿಲಿನ ಶಾಖದಲ್ಲಿ ಅಡುಗೆ, ಮೋಡದಿಂದಲೇ ನೀರು, ಹಾರುವ ವಾಹನ. ನಮ್ಮ ಸೊಸೈಟಿಗೆ ಸೋಲಾರ್ ಬಂದದ್ದು ಮೊನ್ನೆ ಮೊನ್ನೆ!

ಆ ನಾಡಿನ ಆಫೀಸು ದಿನಕ್ಕೆ ಎರಡೇ ಗಂಟೆ. ಯಾಕೆಂದರೆ ಗಂಡಸರು ಕೆಲಸದ ಹೊತ್ತಿನಲ್ಲಿ ಆರು ಗಂಟೆ ಚುಟ್ಟಾ ಸೇದುತ್ತಾ ಕಳೆಯುತ್ತಿದ್ದರಂತೆ. ಇದನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆ. ಅವರು ನಕ್ಕು, "ನಿನ್ನ ಫೋನಿನ ಲೆಕ್ಕ ತೆಗಿ" ಅಂದರು. ತೆಗೆದೆ. ದಿನಕ್ಕೆ ಎರಡು ಗಂಟೆ ನಲವತ್ತು ನಿಮಿಷ! ಓದಲು ಪುರುಸೊತ್ತಿಲ್ಲ ಎಂದು ಎಂಟು ವರ್ಷ ದೂರಿದವಳು ಸುಮ್ಮನಾದೆ. ಆದರೆ ಇನ್ನೊಂದು ಲೆಕ್ಕವನ್ನೂ ಅವರ ಮುಂದಿಟ್ಟೆ. ಆ ವಾರದ ಏಳು ರಾತ್ರಿಗಳ ಓದಿನ ಹೊತ್ತಿನಲ್ಲಿ ನನ್ನನ್ನು ಹತ್ತೊಂಬತ್ತು ಸಲ ಕರೆದಿದ್ದರು. ಹಾಲಿಗೆ ಹೆಪ್ಪು ಹಾಕಿದೆಯಾ, ಚಾರ್ಜರ್ ಎಲ್ಲಿ, ನಾಳೆ ಟಿಫಿನ್ ಏನು. ಮರುದಿನದಿಂದ ಹೆಪ್ಪು ಹಾಕುವುದು ಅವರ ಪಾಲಿಗೆ ಹೋಯಿತು. ಮೊದಲೆರಡು ದಿನ ಮೊಸರು ಆಗಲಿಲ್ಲ. ಈಗ ಆಗುತ್ತಿದೆ.

ಮೂರನೇ ವಾರ ಅರ್ಸುಲಾ ಲೆ ಗ್ವಿನ್ ಅವರ 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್', 1969ರ ಕಾದಂಬರಿ. ಸದಾ ಹಿಮ ಬೀಳುವ ಗ್ರಹ. ಅಲ್ಲಿ ಯಾರೂ ಖಾಯಂ ಹೆಣ್ಣಲ್ಲ, ಗಂಡಲ್ಲ. ಯಾರು ಬೇಕಾದರೂ ಬಸಿರಾಗಬಹುದು. ಓದು ಸುಲಭವಿರಲಿಲ್ಲ, ಇನ್ನೂ ಅರವತ್ತು ಪುಟ ಬಾಕಿ ಇದೆ. ಆದರೆ ಒಂದು ರಾತ್ರಿ ಪುಸ್ತಕ ಮಡಚಿಟ್ಟು ಸುಮ್ಮನೆ ಕೂತುಬಿಟ್ಟೆ. ನನ್ನ ಒಂದು ಇಂಟರ್‌ವ್ಯೂನಲ್ಲಿ "ಮಗು ಯಾವಾಗ ಪ್ಲಾನ್ ಮಾಡಿದ್ದೀರಿ?" ಎಂದು ಕೇಳಿದ್ದರು. ಅದೇ ವರ್ಷ ನಮ್ಮ ಮನೆಯವರೂ ಕೆಲಸ ಬದಲಿಸಿದರು. ಅವರನ್ನು ಯಾರೂ ಕೇಳಲಿಲ್ಲ. ಆ ಗ್ರಹದಲ್ಲಾದರೆ ಇಬ್ಬರನ್ನೂ ಕೇಳಬೇಕಿತ್ತು, ಇಲ್ಲವೇ ಇಬ್ಬರನ್ನೂ ಬಿಡಬೇಕಿತ್ತು.

ಕೊನೆಯ ವಾರ ಕನ್ನಡಕ್ಕೆ ಬಂದೆ. ನಮ್ಮಲ್ಲಿ ರಾಜಶೇಖರ ಭೂಸನೂರಮಠ, 'ಮಹಾಸಂಪರ್ಕ' ಬರೆದ ಮನು ಅಂಥವರಿದ್ದಾರೆ. ನಾನು ಮಾತ್ರ ಊರಿನಿಂದ ತಂದಿದ್ದ ತೇಜಸ್ವಿಯವರ 'ಕರ್ವಾಲೊ' ತೆಗೆದೆ. ಅದು ವಿಜ್ಞಾನ ಕಥೆಯ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ವಿಮರ್ಶಕರು ಹೇಳಲಿ. ಹಾರುವ ಓತಿಯ ಹಿಂದೆ ಕಾಡು ಹೊಕ್ಕವರ ಜೊತೆ ನನ್ನ ಮಗಳೂ ಹೊರಟಳು. ಈ ಸಲ ನಾನು ಓದಿದೆ, ಅವಳು ಕೇಳಿದಳು. ಪುಣೆಯಲ್ಲಿ ಹುಟ್ಟಿದ ಮಗು. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ನಾನು ಎಂಟೂ ವರ್ಷ "ಪುರುಸೊತ್ತಿಲ್ಲ" ಎಂದದ್ದರ ಫಲ ಇದೂ ಹೌದು. ಈಗ ದಿನಕ್ಕೆ ಎರಡು ಅಕ್ಷರ ಕಲಿಯುತ್ತಿದ್ದಾಳೆ.

ಇನ್ನು 1981ರ ಮಾತು. ಮಗಳು ಹೊಟ್ಟೆಯಲ್ಲಿದ್ದಾಗ ಸಿಕ್ಕ ಪಿಎಚ್‌ಡಿ ಸೀಟು ಬಿಟ್ಟೆ. ಯಾರೂ ಬಲವಂತ ಮಾಡಲಿಲ್ಲ, ನಾನೇ ಬಿಟ್ಟೆ. ಆಮೇಲೆ ಯಾರಾದರೂ ಕೇಳಿದರೆ "ಅದೆಲ್ಲ ಮುಗಿದ ಕಥೆ" ಎನ್ನುತ್ತಿದ್ದೆ. ಹದಿನಾರು ವರ್ಷ ಸಂಸಾರ ಮಾಡಿದ ಮೇಲೂ ಮುಗಿಸಿದವರು ಇದೇ ಊರಿನಲ್ಲಿ ಇದ್ದರು ಎಂದು ತಿಳಿದ ಮೇಲೆ ಹಾಗೆನ್ನಲು ಬಾಯಿ ಬರುತ್ತಿಲ್ಲ. ಹೋದ ಭಾನುವಾರ ನನ್ನ ಹಳೆಯ ಗೈಡ್‌ಗೆ ಮೇಲ್ ಕಳಿಸಿದೆ. ಉತ್ತರ ಇನ್ನೂ ಬಂದಿಲ್ಲ.

ನಿಮ್ಮ ಮನೆಯಲ್ಲೂ ಒಂದು ಅರ್ಧ ಗಂಟೆ ಗುರುತು ಮಾಡಿಕೊಳ್ಳಿ. ಮುಂದಿನ ಸಭೆಗೆ ಬರುವಾಗ ಒಂದು ಪುಸ್ತಕ ತನ್ನಿ, ಬದಲಾಯಿಸಿಕೊಳ್ಳೋಣ. ನನ್ನ 'ಕರ್ವಾಲೊ' ಮಾತ್ರ ಸದ್ಯಕ್ಕೆ ಕೊಡಲಾರೆ, ಮಗಳು ಎರಡನೇ ಸಲ ಕೇಳುತ್ತಿದ್ದಾಳೆ.