ಮಕ್ಕಳಲ್ಲಿ ಮಧುಮೇಹ
(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಪಾಠದ ನಡುವೆ ಹುಡುಗನೊಬ್ಬನು ಮೇಲಿಂದ ಮೇಲೆ ನೀರಿಗೂ ಜಲಬಾಧೆಗೂ ಅಪ್ಪಣೆ ಕೇಳಿದರೆ ಉಪಾಧ್ಯಾಯನಿಗೆ ಮೊದಲು ಬರುವುದು ಕೋಪ. ನನಗೂ ಬಂದಿತ್ತು, ಗದರಿಸಿ ಕೂರಿಸಿದೆನು. ನಮ್ಮ ಸೀಮೆಯ ಬಿಸಿಲಿಗೆ ಬಾಯಾರಿಕೆ ಸಹಜವೆಂದು ಮನೆಯವರೂ ಸುಮ್ಮನಿದ್ದರು. ಹೊಟ್ಟೆತುಂಬ ಉಂಡರೂ ಅವನ ಮೈ ಇಳಿಯುತ್ತಿತ್ತು. ಕಡೆಗೆ ವಾಂತಿ, ಏದುಸಿರು, ಮಂಪರುಗಳೊಡನೆ ಆಸ್ಪತ್ರೆ ಸೇರಿದನು. ದೈವಕೃಪೆಯಿಂದ ಬದುಕಿದನು. ನಾನು ಗದರಿಸಿದ ದಿನವೇ ಬೆರಳ ತುದಿಯ ಒಂದು ಹನಿ ರಕ್ತವನ್ನು ಪರೀಕ್ಷಿಸಿದ್ದರೆ ಆ ಸಂಕಟವೇ ಇರುತ್ತಿರಲಿಲ್ಲ.

ಇದು ಒಂದನೆಯ ವಿಧದ ಮಧುಮೇಹ. ಹಿರಿಯರಲ್ಲಿ ಹೆಚ್ಚಾಗಿ ಕಾಣುವ ಸಕ್ಕರೆ ಕಾಯಿಲೆ ಬೇರೆ. ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡುತ್ತದೆ. ಆಗ ರಕ್ತದಲ್ಲಿ ಸಕ್ಕರೆ ತುಂಬಿದ್ದರೂ, ಕೆರೆ ತುಂಬಿದ್ದೂ ತೂಬು ತೆರೆಯದ ಗದ್ದೆಯಂತೆ, ಮೈ ಒಣಗುತ್ತದೆ. ಬೆಲ್ಲ ತಿಂದುದರಿಂದ ಬಂದುದಲ್ಲ, ತಾಯಿಯ ತಪ್ಪಲ್ಲ, ಅಂಟುವುದೂ ಇಲ್ಲ. ಹೆಣ್ಣುಮಗುವಾದರೆ ಮದುವೆಯ ಚಿಂತೆಯಿಂದ ಮುಚ್ಚಿಡುವವರುಂಟು. ಮುಚ್ಚಿಟ್ಟರೆ ಶಾಲೆಯಲ್ಲಿ ಅವಳನ್ನು ನೋಡಿಕೊಳ್ಳುವವರಾರು?

1921ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಅದನ್ನು ಮೊದಲು ಪಡೆದ ಲಿಯೊನಾರ್ಡ್ ಥಾಂಪ್ಸನ್ನನಿಗೆ 14 ವರ್ಷ, ನಮ್ಮ ಒಂಬತ್ತನೆಯ ತರಗತಿಯವರ ವಯಸ್ಸು. ಅದಕ್ಕೆ ಮುಂಚೆ ಇಂಥ ಮಕ್ಕಳು ಹೆಚ್ಚು ಕಾಲ ಉಳಿಯುತ್ತಿರಲಿಲ್ಲ. ರಾಗಿಮುದ್ದೆ ಉಣ್ಣುವವರಿಗೆ ಈ ಕಾಯಿಲೆ ಬಾರದೆಂದು ರಾಯದುರ್ಗದಲ್ಲಿಯೂ ಮಡಕಶಿರದಲ್ಲಿಯೂ ಹೇಳುವುದನ್ನು ಕೇಳಿದ್ದೇನೆ. ರಾಗಿಯಲ್ಲಿಯೂ ಪಿಷ್ಟವಿದೆ; ಮುದ್ದೆಯ ಗಾತ್ರಕ್ಕೆ ತಕ್ಕ ಇನ್ಸುಲಿನ್ ಬೇಕೇ ಬೇಕು. ನಾರುಬೇರನ್ನು ನಂಬಿ ಚುಚ್ಚುಮದ್ದು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಾಪಾಯ. ಜ್ವರ ಬಂದು ಊಟ ಸೇರದ ದಿನವೂ ನಿಲ್ಲಿಸದೆ, ವೈದ್ಯರನ್ನು ಕೇಳಿ ಪ್ರಮಾಣವನ್ನು ಹೊಂದಿಸಿಕೊಳ್ಳಬೇಕು. ಬೇಸಗೆಯಲ್ಲಿ, ಫ್ರಿಜ್ಜಿಲ್ಲದ ಮನೆಯವರು ಬಳಸುತ್ತಿರುವ ಸೀಸೆಯನ್ನು ನೀರು ತಾಗದಂತೆ ಕಟ್ಟಿ, ನೆರಳಿನಲ್ಲಿ ಒದ್ದೆ ಮರಳ ನಡುವೆ ಹೂತ ಮಡಕೆಯೊಳಗೆ ಇಡಬಹುದು.

ಚುಚ್ಚುಮದ್ದಿನ ಮೇಲೆ ಊಟ ತಡವಾದರೆ ಅಥವಾ ಆಟ ಅತಿಯಾದರೆ ಸಕ್ಕರೆ ಕುಸಿದು ಬೆವರು, ನಡುಕ, ಮಂಕು ತೋರುತ್ತವೆ. ವಿದ್ಯಾರ್ಥಿಗಳೆ, ಆಗ ಗೆಳೆಯನಿಗೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿರಿ. 15 ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ ಕುಡಿಸಿರಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಪಕ್ಕಕ್ಕೆ ಮಲಗಿಸಿ, 108ಕ್ಕೆ ಕರೆಮಾಡಿಸಿರಿ.

2017ರಲ್ಲಿ ಕೇಂದ್ರೀಯ ಪ್ರೌಢಶಿಕ್ಷಣ ಮಂಡಲಿಯು ಇಂಥ ಮಕ್ಕಳು ಪರೀಕ್ಷಾ ಕೊಠಡಿಗೆ ತಿಂಡಿ ಒಯ್ಯಲು ಅನುಮತಿ ಕೊಟ್ಟಿತು. ಪರೀಕ್ಷೆಯಲ್ಲಿಯೇ ಸಲ್ಲುವುದು ನಮ್ಮ ನಿತ್ಯದ ಪಾಠದಲ್ಲಿ ಸಲ್ಲದೆ? ಸಕ್ಕರೆಯ ಡಬ್ಬಿಯೊಂದನ್ನು ನನ್ನ ಕೊಠಡಿಯ ಕಿಟಕಿಯಲ್ಲಿರಿಸಿದ್ದೇನೆ. ಅದನ್ನು ತೆಗೆದುಕೊಳ್ಳಲು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ.