ರಕ್ಸೌಲ್‌ನ ಈ ಬದಿಯಲ್ಲಿ ನಿಂತು



ಈ ಸಮ್ಮೇಳನದ ವಿಷಯ ಸಣ್ಣ ರಾಷ್ಟ್ರಗಳ ಸಾರ್ವಭೌಮತೆ. ಪ್ರಬಂಧಗಳ ಪಟ್ಟಿಯನ್ನು ಬೆಳಿಗ್ಗೆ ಓದಿದೆ. ಉಕ್ರೇನ್ ಇದೆ, ತೈವಾನ್ ಇದೆ, ಕ್ಯೂಬಾ ಇದೆ. ನೇಪಾಳ ಇಲ್ಲ. ಉಕ್ರೇನಿನ ವಿಚಾರದಲ್ಲಿ ನಾವು ದೂರದಲ್ಲಿ ಕೂತು ನ್ಯಾಯ ಹೇಳುವವರು; ನೇಪಾಳದ ವಿಚಾರದಲ್ಲಿ ಬಲಾಢ್ಯ ನೆರೆಯವರು ನಾವೇ. ಆರೋಪಿಯ ಜಾಗದಲ್ಲಿ ಕೂತು ಪ್ರಬಂಧ ಬರೆಯುವುದು ಯಾರಿಗೂ ಹಿತವಲ್ಲ. ಹಾಗಾಗಿ ಅಧ್ಯಕ್ಷನ ಪಾಲಿಗೆ ಬಂದ ಸಮಯವನ್ನು ನೇಪಾಳಕ್ಕೇ ಕೊಡುತ್ತೇನೆ.

ನಮ್ಮ ಪಠ್ಯಪುಸ್ತಕಗಳು 1950ರ ಜುಲೈ 31ರ ಶಾಂತಿ ಮತ್ತು ಮೈತ್ರಿ ಒಪ್ಪಂದವನ್ನು ಎರಡು ವಾಕ್ಯಗಳಲ್ಲಿ ಮುಗಿಸುತ್ತವೆ. ಸಹಿ ಹಾಕಿದವರು ಯಾರೆಂದು ನೋಡಿ. ನೇಪಾಳದ ಪರವಾಗಿ ಪ್ರಧಾನಿ ಮೋಹನ್ ಶಂಶೇರ್ ರಾಣಾ. ಭಾರತದ ಪರವಾಗಿ ಕಠ್ಮಂಡುವಿನಲ್ಲಿದ್ದ ನಮ್ಮ ರಾಯಭಾರಿ. ಪ್ರಧಾನಿಗೆ ಎದುರಾಗಿ ರಾಯಭಾರಿ ಕೂತ ಈ ಸಂಗತಿಯನ್ನು ನೇಪಾಳಿಗಳು ಇಂದಿಗೂ ಎತ್ತಿ ಆಡುತ್ತಾರೆ. ಸಹಿ ಬಿದ್ದ ಏಳು ತಿಂಗಳೊಳಗೆ ರಾಣಾ ಆಳ್ವಿಕೆಯೇ ಉರುಳಿತು. ಮುಳುಗುತ್ತಿದ್ದ ದೊರೆತನವೊಂದು ತನ್ನನ್ನು ಉಳಿಸಿಕೊಳ್ಳಲು ಮಾಡಿದ ಸಹಿ ಅದು ಎಂಬ ಆಕ್ಷೇಪಕ್ಕೆ ಉತ್ತರ ಕೊಡುವುದು ಸುಲಭವಿಲ್ಲ. ಒಪ್ಪಂದದ ಜೊತೆ ವಿನಿಮಯವಾದ ಪತ್ರಗಳನ್ನಂತೂ 1959ರವರೆಗೆ ಜನರಿಗೆ ತೋರಿಸಲೇ ಇಲ್ಲ. ನೇಪಾಳದ ನೈಸರ್ಗಿಕ ಸಂಪತ್ತಿನ ಅಭಿವೃದ್ಧಿಗೆ ವಿದೇಶಿ ನೆರವು ಬೇಕಾದಾಗ ಭಾರತಕ್ಕೆ ಮೊದಲ ಆದ್ಯತೆ ಎಂಬ ಮಾತು ಆ ಪತ್ರಗಳಲ್ಲಿದೆ.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಇದೇ ಒಪ್ಪಂದದ ಏಳನೇ ವಿಧಿಯಿಂದಲೇ ನೇಪಾಳದ ಯುವಕನೊಬ್ಬ ವೀಸಾ ಇಲ್ಲದೆ ಬೆಂಗಳೂರಿಗೆ ಬಂದು ಅಪಾರ್ಟ್‌ಮೆಂಟಿನ ಕಾವಲಿಗೋ ಹೋಟೆಲಿನ ಅಡುಗೆಮನೆಗೋ ಸೇರಬಲ್ಲ. ಒಂದು ವರ್ಷದ ನೋಟಿಸ್ ಕೊಟ್ಟು ಒಪ್ಪಂದದಿಂದ ಹೊರಬರಲು ಹತ್ತನೇ ವಿಧಿ ಅವಕಾಶ ಕೊಡುತ್ತದೆ. ಕಠ್ಮಂಡುವಿನ ಯಾವ ಸರ್ಕಾರವೂ, ಚುನಾವಣೆಯಲ್ಲಿ ಎಷ್ಟೇ ಗುಡುಗಿದ್ದರೂ, ಆ ನೋಟಿಸ್ ಕೊಟ್ಟಿಲ್ಲ.

ಸೈನ್ಯ ನುಗ್ಗಿದರೆ ಮಾತ್ರ ಸಾರ್ವಭೌಮತೆಗೆ ಧಕ್ಕೆ ಎಂದು ತರಗತಿಯಲ್ಲಿ ನಾವೇ ಕಲಿಸಿಬಿಟ್ಟಿದ್ದೇವೆ. ನೇಪಾಳದ ಮೇಲಿನ ಒತ್ತಡ ಕಾಣುವುದು ಸುಂಕದ ಕಟ್ಟೆಯಲ್ಲಿ. ಆ ದೇಶಕ್ಕೆ ಸಮುದ್ರವಿಲ್ಲ. ಹಡಗಿನಲ್ಲಿ ಬರುವ ಸರಕು ಹೆಚ್ಚಾಗಿ ಕೋಲ್ಕತ್ತದಲ್ಲಿ ಇಳಿದು, ಬಿಹಾರ ದಾಟಿ, ರಕ್ಸೌಲ್ ಗಡಿಯಿಂದ ಬೀರ್‌ಗಂಜ್ ಸೇರಬೇಕು. ಭೂಬಂಧಿತ ದೇಶಗಳಿಗೆ ಸಮುದ್ರ ತಲುಪುವ ಹಕ್ಕನ್ನು 1982ರ ಸಮುದ್ರ ಕಾನೂನಿನ ಒಡಂಬಡಿಕೆ ಮಾನ್ಯ ಮಾಡಿದೆ. ಆದರೆ ಆ ಹಕ್ಕನ್ನು ಚಲಾಯಿಸುವ ಬಗೆಯನ್ನು ದಾರಿ ಕೊಡುವ ದೇಶದೊಡನೆ ಕೂತೇ ತೀರ್ಮಾನಿಸಿಕೊಳ್ಳಬೇಕು ಎಂದೂ ಸೇರಿಸಿದೆ. ಹಿಡಿತವಿರುವುದು ಅಲ್ಲಿಯೇ.

1988ರಲ್ಲಿ ನೇಪಾಳ ಚೀನಾದಿಂದ ಶಸ್ತ್ರಾಸ್ತ್ರ ಕೊಂಡಿತು. 1989ರ ಮಾರ್ಚ್‌ನಲ್ಲಿ ವ್ಯಾಪಾರ ಮತ್ತು ಸಾಗಣೆ ಒಪ್ಪಂದಗಳ ಅವಧಿ ಮುಗಿದಾಗ ರಾಜೀವ್ ಗಾಂಧಿ ಸರ್ಕಾರ ಅವನ್ನು ನವೀಕರಿಸಲಿಲ್ಲ. ಎರಡು ಮಾರ್ಗಗಳನ್ನು ಬಿಟ್ಟು ಮಿಕ್ಕವೆಲ್ಲ ಮುಚ್ಚಿದವು. ಸೀಮೆಎಣ್ಣೆಗೆ ಹಾಹಾಕಾರ, ಒಲೆಗೆ ಕಾಡಿನ ಸೌದೆ. ಮರುವರ್ಷದ ಜನಾಂದೋಲನಕ್ಕೆ ರಾಜ ಬೀರೇಂದ್ರರ ಪಂಚಾಯತ್ ವ್ಯವಸ್ಥೆ ಬಿತ್ತು. ಒತ್ತಡ ಹಾಕಿದ್ದಕ್ಕೆ ಪ್ರಜಾಪ್ರಭುತ್ವ ಬಂತಲ್ಲ ಎಂದು ದೆಹಲಿಯಲ್ಲಿ ಬೆನ್ನು ತಟ್ಟಿಕೊಂಡವರಿದ್ದರು. ಬೀದಿಗಿಳಿದವರು ನೇಪಾಳದ ಜನ ಎಂಬುದನ್ನು ಅವರು ಮರೆತರು.

2015ರದ್ದು ಇನ್ನೂ ಕಟುವಾದ ಕಥೆ. ಏಪ್ರಿಲ್ 25ರ ಭೂಕಂಪದಲ್ಲಿ ಸುಮಾರು 9,000 ಜನ ಸತ್ತಿದ್ದರು. ಸೆಪ್ಟೆಂಬರ್ 20ಕ್ಕೆ ಹೊಸ ಸಂವಿಧಾನ ಘೋಷಣೆಯಾಯಿತು. ಅದಕ್ಕೆ ಎರಡು ದಿನ ಮುಂಚೆ ನಮ್ಮ ವಿದೇಶಾಂಗ ಕಾರ್ಯದರ್ಶಿ ಕಠ್ಮಂಡುವಿನಲ್ಲಿದ್ದರು. ಘೋಷಣೆಯಾದ ಮೇಲೆ ಭಾರತ ಅದನ್ನು ಸ್ವಾಗತಿಸಲಿಲ್ಲ. ಗಮನಿಸಿದ್ದೇವೆ ಎಂದಷ್ಟೇ ಹೇಳಿತು. ಕೆಲವೇ ದಿನಗಳಲ್ಲಿ ಲಾರಿಗಳು ರಕ್ಸೌಲ್‌ನಲ್ಲಿ ಸಾಲುಗಟ್ಟಿದವು. ರಕ್ಸೌಲ್, ಬೀರ್‌ಗಂಜ್‌ಗಳ ನಡುವಿನ ಸೇತುವೆಯ ಹೆಸರು ಮಿತೇರಿ, ಅಂದರೆ ಮೈತ್ರಿ. ಅದರ ಮೇಲೆ ಹೊಸ ಸಂವಿಧಾನವನ್ನು ವಿರೋಧಿಸಿದ, ನೇಪಾಳದ ದಕ್ಷಿಣ ಬಯಲಿನ ಮಧೇಸಿ ಪ್ರತಿಭಟನಾಕಾರರು ಡೇರೆ ಹಾಕಿ ಕೂತಿದ್ದರು. ತಡೆದವರು ಅವರೇ, ನಾವಲ್ಲ ಎಂದಿತು ದೆಹಲಿ. ಆದರೆ ಪ್ರತಿಭಟನೆಯಿಲ್ಲದ ಗಡಿಗಳಲ್ಲೂ ಲಾರಿಗಳು ಏಕೆ ನಿಂತವು ಎಂದು ಕಠ್ಮಂಡು ಕೇಳಿತು.

ನೇಪಾಳದ ಪೆಟ್ರೋಲಿಯಂ ಅಷ್ಟೂ ಇಂಡಿಯನ್ ಆಯಿಲ್‌ನಿಂದ ಬರುತ್ತಿತ್ತು. ಕಠ್ಮಂಡುವಿನ ರಸ್ತೆಗಳಲ್ಲಿ ಖಾಲಿ ಸಿಲಿಂಡರುಗಳ ಸಾಲು ಬೆಳೆಯಿತು. ಕೊನೆಗೆ ಅರ್ಧ ತುಂಬಿಸಿದ ಸಿಲಿಂಡರ್ ಹಂಚಿದರು. ಇಂಡಕ್ಷನ್ ಒಲೆ ಕೊಂಡವರಿಗೆ ವಿದ್ಯುತ್ ಕಡಿತ ಕಾದಿತ್ತು. ಭೂಕಂಪದಲ್ಲಿ ಮನೆ ಕಳೆದುಕೊಂಡವರು ತಗಡಿನ ಶೆಡ್ಡುಗಳಲ್ಲಿ ಚಳಿಗಾಲ ಕಳೆದರು. 2016ರ ಫೆಬ್ರುವರಿಯಲ್ಲಿ ದಾರಿ ತೆರೆಯಿತು. ಮಾರ್ಚ್‌ನಲ್ಲಿ ನೇಪಾಳದ ಪ್ರಧಾನಿ ಓಲಿ ಬೀಜಿಂಗಿಗೆ ಹೋಗಿ ಸಾಗಣೆ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು ಬಂದರು. 2017ರ ಚುನಾವಣೆಯಲ್ಲಿ ಅವರ ಮೈತ್ರಿಕೂಟ ಮೂರನೇ ಎರಡರಷ್ಟು ಬಹುಮತದ ಹತ್ತಿರ ಹೋಯಿತು. ಬಡವನ ಕೋಪ ದವಡೆಗೆ ಮೂಲ ಎಂದು ಲೆಕ್ಕ ಹಾಕಿ ಕೂತಿದ್ದ ನಮಗೆ ದಕ್ಕಿದ್ದೇನು?

ಆದರೆ ನೇಪಾಳದ ಆಳುವವರನ್ನು ಹುತಾತ್ಮರನ್ನಾಗಿ ಮಾಡಲು ನಾನು ತಯಾರಿಲ್ಲ. ಮಧೇಸಿಗಳ ದೂರು ದೆಹಲಿ ಹುಟ್ಟುಹಾಕಿದ್ದಲ್ಲ. ಪೌರತ್ವದಲ್ಲಿ, ಕ್ಷೇತ್ರ ವಿಂಗಡಣೆಯಲ್ಲಿ, ಪ್ರಾಂತ್ಯದ ಗಡಿಗಳಲ್ಲಿ ಬಯಲಿನವರಿಗೆ ಅನ್ಯಾಯವಾಗಿದೆ ಎಂದು ಅವರು ಎದ್ದಿದ್ದರು. ದಿಗ್ಬಂಧನಕ್ಕೆ ಮುಂಚಿನ ವಾರಗಳಲ್ಲೇ ಪೊಲೀಸರೂ ಸೇರಿ 40ಕ್ಕೂ ಹೆಚ್ಚು ಜನ ಸತ್ತಿದ್ದರು. ಗಡಿ ಮುಚ್ಚಿದ ಗಳಿಗೆಯಿಂದ ಆ ಸಾವುಗಳ ಮಾತು ಹಿಂದೆ ಸರಿಯಿತು. ಹಕ್ಕು ಕೇಳಿದ ಮಧೇಸಿಯನ್ನು ಭಾರತದ ಏಜೆಂಟ್ ಎಂದು ಬಾಯಿ ಮುಚ್ಚಿಸುವುದು ಬೆಟ್ಟದ ನಾಯಕರಿಗೆ ಸಲೀಸಾಯಿತು. ದೊಡ್ಡ ನೆರೆಯವನ ಒತ್ತಡ ಆ ಸಣ್ಣ ದೇಶದೊಳಗಿನ ದುರ್ಬಲರನ್ನು ಇನ್ನಷ್ಟು ಒಂಟಿ ಮಾಡಿತು. ನಮ್ಮ ವಿದೇಶಾಂಗ ನೀತಿಯ ಚರ್ಚೆಗಳಲ್ಲಿ ಈ ಅಂಶ ನನಗೆ ಕಾಣಿಸಿಲ್ಲ.

ನೀರಿನಲ್ಲೂ ಇದೇ ಅಸಮತೆ ಇದೆ; ಕೋಶಿ ನದಿಯ ಮಾತು ಚಿಕ್ಕದಾಗಿ. ಆಲಮಟ್ಟಿಯ ಎತ್ತರಕ್ಕಾಗಿ ನೆರೆಯವರೊಡನೆ ಜಗಳವಾಡಿದ ನಾಡಿನವರಿಗೆ ಇದು ಬೇಗ ಅರ್ಥವಾದೀತು. ಕೋಶಿ ಬ್ಯಾರೇಜಿನ 56 ಗೇಟುಗಳು ನಿಂತಿರುವುದು ನೇಪಾಳದ ನೆಲದಲ್ಲಿ. ತೆರೆಯುವ, ಮುಚ್ಚುವ ಅಧಿಕಾರ ಭಾರತದ್ದು. 1966ರ ಪರಿಷ್ಕೃತ ಒಪ್ಪಂದದಲ್ಲಿ ಜಮೀನಿನ ಗೇಣಿ ಅವಧಿ 199 ವರ್ಷ. 2008ರ ಆಗಸ್ಟ್ 18ರಂದು ಕುಸಹಾ ಬಳಿ ಒಡ್ಡು ಒಡೆದಾಗ ನದಿ ಮೊದಲು ನೇಪಾಳದ ಹಳ್ಳಿಗಳನ್ನು ನುಂಗಿ, ಆಮೇಲೆ ಬಿಹಾರದ ಲಕ್ಷಾಂತರ ಜನರನ್ನು ಬೀದಿಗೆ ತಂದಿತು.

ಇನ್ನು ಕನ್ನಡಿಗರಿಗೆ ತೀರ ಹತ್ತಿರದ ಒಂದು ಪ್ರಸಂಗ. ಕಠ್ಮಂಡುವಿನ ಪಶುಪತಿನಾಥನನ್ನು ಮುಟ್ಟಿ ಪೂಜಿಸುವ ಅಧಿಕಾರ ಶತಮಾನಗಳಿಂದ ದಕ್ಷಿಣ ಭಾರತದ ಭಟ್ಟರದ್ದು. ಈಚಿನ ತಲೆಮಾರುಗಳಲ್ಲಿ ಹೆಚ್ಚಾಗಿ ನಮ್ಮ ಕರ್ನಾಟಕದವರದ್ದು. ಸ್ಥಳೀಯ ಭಂಡಾರಿಗಳು ಸಹಾಯಕರು. ಅರ್ಚಕರ ನೇಮಕಕ್ಕೆ ಅರಮನೆಯ ಮುದ್ರೆ ಬೀಳುತ್ತಿತ್ತು. 2008ರ ಮೇ 28ರಂದು ನೇಪಾಳ ಗಣರಾಜ್ಯವಾಯಿತು, ಅರಸ ಹೋದ. ಆ ವರ್ಷದ ಕೊನೆಗೆ ಪ್ರಧಾನಿ ಪ್ರಚಂಡರ ಸರ್ಕಾರ ನೇಪಾಳಿ ಅರ್ಚಕರನ್ನು ನೇಮಿಸಿತು. ಗಲಾಟೆಯಾಯಿತು, ನೇಪಾಳದ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಸರ್ಕಾರ ಹಿಂದೆ ಸರಿಯಿತು. 2009ರ ಸೆಪ್ಟೆಂಬರ್‌ನಲ್ಲಿ ಹೊಸದಾಗಿ ನೇಮಕಗೊಂಡ ನಮ್ಮ ಕಡೆಯ ಇಬ್ಬರು ಭಟ್ಟರ ಮೇಲೆ ಹಲ್ಲೆಯೇ ನಡೆಯಿತು. ಹಲ್ಲೆ ಹೇಯವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಲ್ಲಿ ಅದು ನಮ್ಮವರಿಗೆ ಹೊಡೆದ ಸುದ್ದಿಯಾಗಿ ಮುಗಿಯಿತು. ಅಲ್ಲಿ, ಹೊಸ ಗಣರಾಜ್ಯದ ಅತಿ ದೊಡ್ಡ ದೇವಸ್ಥಾನದಲ್ಲಿ ಯಾರ ಅಧಿಕಾರ ನಡೆಯಬೇಕೆಂಬ ವಾದ ಬಹುದಿನ ನಡೆಯಿತು. ತಮ್ಮ ನ್ಯಾಯಾಲಯದ ಮೂಲಕವೇ ನೇಪಾಳಿಗಳು ಹಳೆಯ ಪದ್ಧತಿಯನ್ನು ಉಳಿಸಿಕೊಂಡರು. ನಮ್ಮ ಭಟ್ಟರು ಇಂದಿಗೂ ಅಲ್ಲಿ ಪೂಜೆ ಮಾಡುವುದಕ್ಕೆ ಕಾರಣ ದೆಹಲಿಯ ಒತ್ತಡಕ್ಕಿಂತ ಹೆಚ್ಚಾಗಿ ಅದು ಎಂದು ನನ್ನ ಎಣಿಕೆ.

ಕಾಲಾಪಾನಿ, ಲಿಪುಲೇಖ್ ಗಡಿ ವಿವಾದವನ್ನು ಇಂದು ಬಿಚ್ಚುವುದಿಲ್ಲ. 1816ರ ಸುಗೌಲಿ ಒಪ್ಪಂದ ಕಾಳಿ ನದಿಯನ್ನು ಗಡಿಯೆಂದಿತು, ನದಿಯ ಮೂಲ ಯಾವುದೆಂದು ಜಗಳ. 2020ರ ಜೂನ್‌ನಲ್ಲಿ ನೇಪಾಳದ ಸಂಸತ್ತು ಆ ಜಾಗಗಳನ್ನು ಒಳಗೊಂಡ ಹೊಸ ನಕ್ಷೆಯನ್ನು ಸಂವಿಧಾನದೊಳಗೇ ಸೇರಿಸಿತು. ವಿರುದ್ಧವಾಗಿ ಒಂದು ಮತವೂ ಬೀಳಲಿಲ್ಲ.

ನನಗೆ ಹೆಚ್ಚು ಕಾಡುವುದು ಒಂದು ಕಡತ. 1950ರ ಒಪ್ಪಂದವೂ ಸೇರಿ ಎರಡು ದೇಶಗಳ ನಡುವಿನ ಒಪ್ಪಂದಗಳೆಲ್ಲವನ್ನೂ ಪುನರ್‌ಪರಿಶೀಲಿಸಲು ಎರಡೂ ಸರ್ಕಾರಗಳು 2016ರಲ್ಲಿ ಗಣ್ಯರ ಸಮಿತಿ ಮಾಡಿದವು, ಆ ಕಡೆ ನಾಲ್ವರು, ಈ ಕಡೆ ನಾಲ್ವರು. ಎಂಟೂ ಜನ ಒಪ್ಪಿ 2018ರಲ್ಲಿ ವರದಿ ಸಿದ್ಧಪಡಿಸಿದರು. ಆ ವರದಿಯನ್ನು ಸ್ವೀಕರಿಸಲು ನಮ್ಮ ಸರ್ಕಾರ ಇನ್ನೂ ಸಮಯ ಕೊಟ್ಟಿಲ್ಲ. ಒಪ್ಪುವುದು ಬಿಡುವುದು ಆಮೇಲಿನ ಮಾತು. ಮೊದಲು ಕೈಗೆ ತೆಗೆದುಕೊಂಡು ಓದಲಿ. ವರದಿಯನ್ನು ಸ್ವೀಕರಿಸಿ ಪ್ರಕಟಿಸಬೇಕೆಂಬ ನಿರ್ಣಯವನ್ನು ನಾಳೆಯ ಸಮಾರೋಪದಲ್ಲಿ ನಾನೇ ಮಂಡಿಸುತ್ತೇನೆ. ವಿರೋಧಿಸುವವರು ಇಂದು ಸಂಜೆಯೊಳಗೆ ಕಾರ್ಯದರ್ಶಿಗಳಿಗೆ ಹೆಸರು ಕೊಡಿ, ಅವರಿಗೂ ನನ್ನಷ್ಟೇ ಸಮಯ ಸಿಗುತ್ತದೆ.