ಕೇಲ್ ಸೊಪ್ಪು: ಪೇಟೆಗೂ ಬೇಕು, ಮನೆಗೂ ಬೇಕು



ಮಾರ್ಗಶಿರದ ಚಳಿ ಬಿತ್ತೆಂದರೆ ಬೆಂಗಳೂರಿನ ದಕ್ಷಿಣಕ್ಕೆ, ಕನಕಪುರ ರಸ್ತೆ, ಆನೇಕಲ್ ಕಡೆಯ ತರಕಾರಿ ತೋಟಗಳಲ್ಲಿ ಕೋಸಿನ ಜಾತಿಗೆ ಒಳ್ಳೆಯ ಕಾಲ. ಎಲೆಕೋಸು, ಹೂಕೋಸು, ನವಿಲುಕೋಸು ನಿಮಗೆ ಹಳಬರು. ಕೇಲ್ ಸೊಪ್ಪು ಇವುಗಳ ಒಡಹುಟ್ಟು. ಇದು ಉಂಡೆ ಕಟ್ಟುವುದಿಲ್ಲ. ಎಲೆಯೇ ಇದರ ಫಸಲು. ಜಯನಗರ, ಜೆ.ಪಿ. ನಗರದ ಅಂಗಡಿಗಳಿಗೆ ಇದನ್ನು ಬೆಳೆದು ಕಳಿಸುವವರು ಈಗ ಇದ್ದಾರೆ. ಆದರೆ ಬೆಳೆದವರ ಮನೆಯಲ್ಲಿ ಕೇಳಿದರೆ, "ಅದು ಪೇಟೆಯವರು ತಿನ್ನೋ ಸೊಪ್ಪು ಸ್ವಾಮಿ, ನಮಗ್ಯಾಕೆ?" ಅನ್ನುವುದುಂಟು. ಈ ದಿನ ಆ ಮಾತಿಗೇ ಉತ್ತರ ಹೇಳಬೇಕೆಂದಿದ್ದೇನೆ.

ಮೊದಲು ಕೊಯ್ಲಿನ ವಿಚಾರ. ಸಸಿ ನೆಟ್ಟು ಸುಮಾರು 50ರಿಂದ 60 ದಿನಕ್ಕೆ ಎಲೆ ಅಂಗೈಯಗಲ ಮೀರುತ್ತದೆ. ಆಗ ಬುಡದ ಎಲೆಗಳಿಂದ ಕೊಯ್ಲು ಶುರುಮಾಡಿ. ನಡುವಿನ ಕುಡಿಗೆ ಕೈ ಹಚ್ಚಬೇಡಿ. ತುದಿಯಲ್ಲಿ ಐದಾರು ಎಲೆ ನಿಂತಿರಲಿ. ಹೀಗೆ ಮಾಡಿದರೆ ವಾರಕ್ಕೊಮ್ಮೆಯಂತೆ ಅದೇ ಗಿಡ ಮತ್ತೆ ಮತ್ತೆ ಎಲೆ ಕೊಡುತ್ತದೆ. ದುರಾಸೆಗೆ ಬೋಳು ಮಾಡಿದರೆ ಗಿಡ ಸೊರಗುತ್ತದೆ. ಬೆಳಗಿನ ತಂಪಿನಲ್ಲೇ ಕೊಯ್ದು ನೆರಳಿಗೆ ಹಾಕಿ, ಒದ್ದೆ ಗೋಣಿ ಹೊದಿಸಿ. ಬಿಸಿಲಿಗೆ ಬಿದ್ದ ಸೊಪ್ಪು ಬೇಗ ಬಾಡುತ್ತದೆ.

ಇನ್ನು ಹುಳುವಿನ ಕಾಟ. ಎಲೆಕೋಸನ್ನು ತಿನ್ನುವ ಹಸಿರು ಹುಳುವೇ ಇದಕ್ಕೂ ಬರುತ್ತದೆ. ಇಲ್ಲಿ ಒಂದು ಸೂಕ್ಷ್ಮವುಂಟು. ಎಲೆಕೋಸಾದರೆ ಒಂದೇ ಸಲ ಕಡಿಯುತ್ತೇವೆ. ಕೇಲ್ ಹಾಗಲ್ಲ, ವಾರ ವಾರವೂ ಕೊಯ್ಯುತ್ತೇವೆ. ಔಷಧಿ ಹೊಡೆದ ಮೇಲೆ ಎಷ್ಟು ದಿನ ಕೊಯ್ಯಬಾರದೆಂದು ಡಬ್ಬಿಯ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಆ ಗಡುವು ಮುಗಿಯುವ ಮೊದಲೇ ಮುಂದಿನ ಕೊಯ್ಲು ಬಂದರೆ ವಿಷ ಎಲೆಯ ಮೇಲೇ ಇರುತ್ತದೆ. ಆದ್ದರಿಂದ ಹೊಡೆಯದೇ ನಿಭಾಯಿಸುವ ದಾರಿ ನೋಡತಕ್ಕದ್ದು. ಎಲೆಕೋಸಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೇಳಿಕೊಟ್ಟ ಉಪಾಯವೊಂದಿದೆ: 25 ಸಾಲಿಗೆ ಎರಡು ಸಾಲು ಸಾಸಿವೆ ಹಾಕುವುದು. ಒಂದು ಸಾಲನ್ನು ನಾಟಿಗೆ 15 ದಿನ ಮೊದಲು, ಇನ್ನೊಂದನ್ನು ನಾಟಿಯಾಗಿ 25 ದಿನಕ್ಕೆ ಬಿತ್ತಬೇಕು. ಪತಂಗಗಳು ಸಾಸಿವೆಯನ್ನೇ ಹುಡುಕಿಕೊಂಡು ಹೋಗಿ ಮೊಟ್ಟೆ ಇಡುತ್ತವೆ. ಇದನ್ನು ಕೇಲ್ ಮಡಿಯಲ್ಲೂ ಮಾಡಿ ನೋಡಬಹುದು. ಜೊತೆಗೆ 10 ಲೀಟರ್ ನೀರಿಗೆ 400 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿಯನ್ನು ರಾತ್ರಿ ನೆನೆಹಾಕಿ, ಸೋಸಿ, ಚೂರು ಸೋಪು ಕದಡಿ ಸಂಜೆಯ ಹೊತ್ತು ಸಿಂಪಡಿಸಿ.

ಕೆಲವರು ಮನೆಗೆಂದು ಒಂದು ಮಡಿಗೆ ಔಷಧಿ ಹೊಡೆಯದೆ ಉಳಿಸಿಕೊಂಡು, ಮಿಕ್ಕದ್ದನ್ನು ಪೇಟೆಗೆ ಕಳಿಸುತ್ತಾರೆ. ಪೇಟೆಯಲ್ಲಿರುವವರೂ ಯಾರದೋ ಮನೆಯ ಮಕ್ಕಳಲ್ಲವೇ? ನೀರಿನ ವಿಚಾರದಲ್ಲೂ ಅಷ್ಟೆ. ವೃಷಭಾವತಿಯಂಥ ಕೊಳಚೆ ಹರಿವ ಹಳ್ಳದ ನೀರನ್ನು ಸೊಪ್ಪಿಗೆ ಹಾಯಿಸಬೇಡಿ. ಎಲೆಯೊಳಕ್ಕೆ ಸೇರಿದ ಕಾರ್ಖಾನೆಯ ವಿಷ ಎಷ್ಟು ತೊಳೆದರೂ ಹೋಗದು.

ತಾಯಂದಿರೇ, ಈಗ ನಿಮ್ಮ ಸರದಿ. ಕೇಲ್ ಎಲೆಯಲ್ಲಿ ಕಣ್ಣಿಗೆ ಬೇಕಾದ ಎ ಜೀವಸತ್ವವನ್ನು ಕೊಡುವ ಅಂಶವುಂಟು; ಸಿ ಜೀವಸತ್ವ, ಮೂಳೆಗೆ ಬೇಕಾದ ಸುಣ್ಣದ ಅಂಶ ಕೂಡ ಹೇರಳ. ಉಪ್ಪುನೀರಿನಲ್ಲಿ ಅದ್ದಿ ತೊಳೆದು, ನಡುವಿನ ದಂಟು ತೆಗೆದು ಸಣ್ಣಗೆ ಹೆಚ್ಚಿ. ದಂಟನ್ನು ಎಸೆಯದೆ ಹುಳಿಗೆ ಹಾಕಿ. ತೊಗರಿಬೇಳೆಯೊಡನೆ ಬೇಯಿಸಿ ಬಸ್ಸಾರು ಮಾಡಿದರೆ ಬಹಳ ಉತ್ತಮ. ಬಸಿದ ಕಟ್ಟೂ ಸಾರಿಗೇ ಬೀಳುವುದರಿಂದ ಸತ್ವ ಮೋರಿಗೆ ಹೋಗುವುದಿಲ್ಲ. ಪಲ್ಯಕ್ಕೆ ಎಣ್ಣೆಯ ಒಗ್ಗರಣೆ ಬೇಕೇ ಬೇಕು. ಎ ಜೀವಸತ್ವ ಮೈಗೆ ಹತ್ತುವುದು ಜಿಡ್ಡಿನ ಜೊತೆಯಲ್ಲಿ. ಎಳೆಯ ಎಲೆಯನ್ನು ರಾಗಿ ರೊಟ್ಟಿಗೆ ಕಲಸಿದರೆ ಮಕ್ಕಳು ಬೇಡವೆನ್ನುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಮಾತ್ರ ವೈದ್ಯರನ್ನು ಕೇಳಿ ತಿನ್ನಲಿ. ಹಳದಿಯಾದ ಎಲೆ ದನಕ್ಕೆ ಹಾಕುವುದಾದರೆ ಬೇರೆ ಮೇವಿನ ಜೊತೆ ಸ್ವಲ್ಪವೇ ಇರಲಿ.

ಮುಂದಿನ ಕೊಯ್ಲಿನ ದಿನ ಮೊದಲ ಕಟ್ಟನ್ನು ಅಡಿಗೆಮನೆಗೆ ಕೊಟ್ಟು, ಆಮೇಲೆ ಗಾಡಿ ತುಂಬಿ. ಮನೆಮಕ್ಕಳ ತಟ್ಟೆಗೆ ಹಾಕಲು ಕೈ ಹಿಂಜರಿದರೆ, ಆ ಸೊಪ್ಪು ಪೇಟೆಗೂ ಹೋಗತಕ್ಕದ್ದಲ್ಲ.